ನಮ್ಮ ಬಾವಿ ನೀರಿಗೆ ಆರ್‌ಒ ಯಾಕೆ ಹಾಕಲಿಲ್ಲ

ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಗುಡ್ಡದ ಬುಡದಲ್ಲಿ ನಮ್ಮ ಮನೆ. ಕುಡಿಯಲು ಬಾವಿ, ತೋಟಕ್ಕೆ ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಬಿಲ) ನೀರು, ಬೇಸಗೆಯಲ್ಲಿ ಎರಡೂ ಸೊರಗಿದಾಗ ಬೋರ್‌ವೆಲ್. ಇಷ್ಟಕ್ಕೂ ಒಂದೇ ಯಂತ್ರ ಸಾಕು ಎಂದು ಮಾರುವವರು ಬರುತ್ತಲೇ ಇರುತ್ತಾರೆ.

ಹಾಗೆ ಬಂದ ಒಬ್ಬರು ಒಂದು ಲೋಟದಲ್ಲಿ ನಮ್ಮ ಬಾವಿ ನೀರು, ಇನ್ನೊಂದರಲ್ಲಿ ತಮ್ಮ ಆರ್‌ಒ (ಸೂಕ್ಷ್ಮ ಪೊರೆಯಲ್ಲಿ ಸೋಸಿ ಲವಣ ತೆಗೆಯುವ ಯಂತ್ರ) ನೀರು ಇಟ್ಟು, ಕಬ್ಬಿಣದ ಕಡ್ಡಿ ಇಳಿಸಿ ಕರೆಂಟ್ ಕೊಟ್ಟರು. ನಮ್ಮ ಲೋಟ ಕಂದಾಯಿತು, ಅಮ್ಮ ಹೆದರಿದರು. ಆ ಬಣ್ಣ ಕಡ್ಡಿಯ ತುಕ್ಕಿನದು. ಲವಣ ಇರುವ ನೀರಿನಲ್ಲಿ ಕರೆಂಟ್ ಹರಿದು ಕಬ್ಬಿಣ ಕರಗುತ್ತದೆ, ಲವಣ ತೆಗೆದ ನೀರಿನಲ್ಲಿ ಹರಿಯುವುದೇ ಕಷ್ಟ. ಅವರ ಲೋಟಕ್ಕೂ ಚಿಟಿಕೆ ಉಪ್ಪು ಹಾಕಿಸಿದೆ. ಅದೂ ಕಂದಾಯಿತು. ಹೀಗೆ ಹೆದರಿಸಿ ಮಾರುವುದು ನನಗೆ ಸರಿ ಕಾಣುವುದಿಲ್ಲ.

ನೀರನ್ನು ಕೇರಳ ಜಲ ಪ್ರಾಧಿಕಾರದ ಪ್ರಯೋಗಾಲಯಕ್ಕೆ ಕೊಟ್ಟೆವು. ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣಗಳ ಮೊತ್ತ, ನೂರರೊಳಗೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಲೀಟರಿಗೆ 500 ಮಿಲಿಗ್ರಾಂವರೆಗೆ ತೊಂದರೆಯಿಲ್ಲ. ಅಂದಮೇಲೆ ಲವಣ ತೆಗೆಯುವ ಆರ್‌ಒ ಯಾಕೆ? ಕುಡಿಯಲು ಸಿಕ್ಕಿದ್ದಕ್ಕಿಂತ ಹೆಚ್ಚು ನೀರನ್ನು ಅದು ಹೊರಗೆ ಚೆಲ್ಲುತ್ತದೆ, ಏಪ್ರಿಲ್‌ನಲ್ಲಿ ನಮಗದು ಸಹಿಸುವ ಮಾತಲ್ಲ. ಪಿಎಚ್ ಮಾತ್ರ ಮಾನಕದ ಕೆಳಮಿತಿ 6.5ಕ್ಕಿಂತ ಸ್ವಲ್ಪ ಕೆಳಗೆ, ಅಂದರೆ ನೀರು ತುಸು ಆಮ್ಲೀಯ, ಮುರಕಲ್ಲು ನೆಲದ ಬಾವಿಗಳಲ್ಲಿ ಇದು ಸಾಮಾನ್ಯ. ನಿಜವಾದ ತೊಂದರೆ ಕೋಲಿಫಾರ್ಮ್, ಕೊಳೆ ಸೇರಿದ್ದನ್ನು ಸೂಚಿಸುವ ಬ್ಯಾಕ್ಟೀರಿಯಾ.

ನೇರಳಾತೀತ ಬೆಳಕಿನಿಂದ ಕ್ರಿಮಿ ಕೊಲ್ಲುವ ಯುವಿ ಫಿಲ್ಟರ್‌ಗೆ ಕರೆಂಟ್ ಬೇಕು. ಬಾವಿಗೆ ಕೊಳೆನೀರು ಇಳಿಯುವ ಜೂನ್-ಜುಲೈಯಲ್ಲೇ ಇಲ್ಲಿ ಲೈನ್ ಮೇಲೆ ಮರ ಬೀಳುವುದು. ಹಾಗಾಗಿ ಗೊಬ್ಬರದ ಗುಂಡಿಯನ್ನು ಬಾವಿಯಿಂದ ದೂರ, ಇಳಿಜಾರಿನ ಕೆಳಗೆ ಮಾಡಿ, ಬಾವಿಕಟ್ಟೆ ಎತ್ತರಿಸಿ, ಬ್ಲೀಚಿಂಗ್ ಪುಡಿಗೆ ನಿಂತೆವು. ಸಾವಿರ ಲೀಟರಿಗೆ 2.5 ಗ್ರಾಂ. ಎರಡು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್, ಪುಡಿ 24 ಗ್ರಾಂ. ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಕೊಡಪಾನದಲ್ಲಿ ಇಳಿಸಿ ನೀರನ್ನು ಚೆನ್ನಾಗಿ ಕದಡುತ್ತೇವೆ. ಸಂಜೆ ಹಾಕಿದರೆ ಬೆಳಗ್ಗೆ ಸೇದಬಹುದು. ಕುಡಿಯುವುದನ್ನು ಕುದಿಸಿಯೇ ಕುಡಿಯುತ್ತೇವೆ. ಪುಡಿಗೆ ತೇವ ತಾಗಿದರೆ ಸತ್ವ ಹೋಗುತ್ತದೆ, ಬಿಗಿ ಮುಚ್ಚಳದ ಡಬ್ಬಿ ಬೇಕು.

ಬೋರ್ ನೀರಿನ ಕತೆ ಬೇರೆ, ಅದರಲ್ಲಿ ಕಬ್ಬಿಣ. ಪೇರಳೆ ಎಲೆ ಜಜ್ಜಿ ಹಾಕಿದರೆ ನೀರು ಕಪ್ಪಾಗುತ್ತದೆ, ಅದೇ ಕಬ್ಬಿಣದ ಗುರುತು. ತೂತು ಕೊರೆದ ಪೈಪಿನಿಂದ ಮಳೆಯಂತೆ ಟ್ಯಾಂಕಿಗೆ ಬೀಳಿಸುತ್ತೇವೆ. ಗಾಳಿ ತಾಗಿ ಕಬ್ಬಿಣ ಕೆಂಪು ಗಸಿಯಾಗಿ ಕೂರುತ್ತದೆ, ಉಳಿದದ್ದನ್ನು ಮರಳಿನ ಫಿಲ್ಟರ್ ಹಿಡಿಯುತ್ತದೆ. ಹರಿವು ನಿಧಾನವಾದರೆ ಮೇಲಿನ ಮರಳು ಕೆರೆದು ತೊಳೆದು ಹಾಕಬೇಕು. ಸೋಸಿದ ನೀರಿಗೂ ಆಗಾಗ ಪೇರಳೆ ಎಲೆ ಹಾಕಿ ನೋಡುತ್ತೇವೆ.