ರಾಗಿ ಸರಿ ಒಣಗಿದರೆ ಗಾರೆ

ಮೊಮ್ಮಗನನ್ನು ಕೂರಿಸಿ ಉಣಿಸುವ ಎತ್ತರದ ಕುರ್ಚಿ, ಅಂದರೆ ಹೈಚೇರ್‌ಗೆ ಒಂದು ದಿನ ಇರುವೆ ಸಾಲು ಹಿಡಿದಿತ್ತು. ಟ್ರೇ ನೋಡಿದರೆ ಫಳಫಳ ಅನ್ನುತ್ತಿತ್ತು. ಸೊಸೆ ಮೂರು ಹೊತ್ತೂ ಒರೆಸುತ್ತಾಳೆ, ಅವಳನ್ನು ಅನ್ನುವ ಹಾಗಿಲ್ಲ. ಇರುವೆ ಹೋದ ದಾರಿ ನೋಡಿಕೊಂಡು ಕುರ್ಚಿಯನ್ನು ಬೋರಲು ಹಾಕಿದೆ. ಬೆಲ್ಟ್ ತೂರಿಸುವ ಸಂದಿನಲ್ಲಿ ರಾಗಿ ಸರಿ ಗಾರೆಯ ಹಾಗೆ ಕಟ್ಟಿಕೊಂಡಿತ್ತು. ಜೊತೆಗೆ ನಾಲ್ಕು ಕಾಳು ಮಂಡಕ್ಕಿ. ದಾವಣಗೆರೆ ಮನೆ ಅಲ್ವಾ, ಮಂಡಕ್ಕಿ ಸೇರದ ಸಂದು ಎಲ್ಲಿದೆ? ಅದು ಕೂಸಿನದಲ್ಲ, ಪಕ್ಕದಲ್ಲಿ ಕೂತು ಪೇಪರ್ ಓದುವ ನಮ್ಮನೆಯವರದು. ಸಣ್ಣ ಕೂಸಿನ ಕೈಗೆ ಮಂಡಕ್ಕಿ ಕೊಡಲೇಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ನಾವು ಮಕ್ಕಳನ್ನು ತೊಡೆ ಮೇಲೆ ಹಾಕಿಕೊಂಡು ಉಣಿಸಿದವರು. ಆಮೇಲೆ ಸೀರೆ ಒಗೆದರೆ ಮುಗಿಯಿತು. ಈ ಕುರ್ಚಿಯನ್ನು ಹಾಗೆ ಹಿಂಡಿ ಹಾಕಲು ಆಗುವುದಿಲ್ಲ. ಅದಕ್ಕೇ ದಿನಾ ಒರೆಸುವುದಲ್ಲದೆ ವಾರಕ್ಕೊಮ್ಮೆ ಪೂರ್ತಿ ಬಿಚ್ಚುತ್ತೇನೆ. ಬಿಚ್ಚುವ ಮೊದಲು ಬೆಲ್ಟ್ ಯಾವ ತೂತಿನಿಂದ ಯಾವ ಕಡೆಗೆ ಹೋಗಿದೆ ಅಂತ ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಮೊದಲ ಸಲ ನಾನು ತೆಗೆಯಲಿಲ್ಲ. ರಾತ್ರಿ ಮಗ ಬಂದು ಬೆವರು ಸುರಿಸಿಕೊಂಡು ಜೋಡಿಸಿದ.

ಒಣಗಿದ ರಾಗಿಯನ್ನು ಚಾಕುವಿನಿಂದ ಕೆರೆಯಬೇಡಿ. ಪ್ಲಾಸ್ಟಿಕ್ ಮೇಲೆ ಗೀರು ಬೀಳುತ್ತದೆ, ಮುಂದಿನ ಸಲ ಕೊಳೆ ಆ ಗೀರಿನಲ್ಲೇ ಕೂರುತ್ತದೆ. ಹಳೇ ಪಂಚೆ ತುಂಡನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಅದ್ದಿ, ಅದರ ಮೇಲೆ ಹೊದಿಸಿ ಅರ್ಧ ಗಂಟೆ ಬಿಡಿ. ಹೆಂಚಿನಿಂದ ದೋಸೆ ಎದ್ದ ಹಾಗೆ ತಾನೇ ಎದ್ದು ಬರುತ್ತದೆ. ಹಾಲು, ಮೊಟ್ಟೆ ಚೆಲ್ಲಿದ್ದರೆ ಮಾತ್ರ ಮೊದಲು ತಣ್ಣೀರು. ಬಿಸಿನೀರು ಬಿದ್ದರೆ ಮೊಟ್ಟೆ ಅಲ್ಲೇ ಬೆಂದು ಕಚ್ಚಿಕೊಳ್ಳುತ್ತದೆ.

ಬೇಳೆ ಕಟ್ಟಿನ ಅರಿಶಿನದ ಕಲೆಗೆ ಬಟ್ಟೆ ಸೋಪು ಹಚ್ಚಿದರೆ ಕೆಂಪಗಾಗುತ್ತದೆ. ಹೆದರಬೇಡಿ. ಅರಿಶಿನಕ್ಕೆ ಸುಣ್ಣ ಹಾಕಿ ಆರತಿ ನೀರು ಮಾಡುತ್ತೇವಲ್ಲ, ಅದೇ ಆಟ. ಮೊದಲು ಒಂದೆರಡು ಹನಿ ಕೊಬ್ಬರಿ ಎಣ್ಣೆ ಸವರಿ ಒರೆಸಿ, ಆಮೇಲೆ ಪಾತ್ರೆ ತೊಳೆಯುವ ಸೋಪಿನ ನೀರು. ಉಳಿದ ಹಳದಿಯನ್ನು ಬಿಸಿಲಿಗೆ ಬಿಡಿ, ಅರಿಶಿನ ಬಿಸಿಲು ತಡೆಯುವುದಿಲ್ಲ. ಆದರೆ ನಮ್ಮೂರಿನ ಏಪ್ರಿಲ್ ಮಧ್ಯಾಹ್ನದ ಬಿಸಿಲು ಬೇಡ. ಅದರಲ್ಲಿ ದಿನಗಟ್ಟಲೆ ಇಟ್ಟರೆ ಪ್ಲಾಸ್ಟಿಕ್ಕೇ ಪೆಡಸಾಗಿ ಸೀಳುತ್ತದೆ. ಬೆಳಗಿನ ಎಳೆ ಬಿಸಿಲು ಸಾಕು.

ಬೆಲ್ಟುಗಳನ್ನು ಸೋಪಿನ ನೀರಿನಲ್ಲಿ ನೆನೆಹಾಕಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಬ್ಲೀಚಿಂಗ್ ಪೌಡರ್ ಬೇಡ, ದಾರ ಸೊರಗುತ್ತದೆ. ಬ್ಲೀಚಿಗೆ ವಿನೆಗರ್ ಬೆರೆಸುವುದಂತೂ ಬೇಡವೇ ಬೇಡ, ಏಳುವ ಹೊಗೆ ಎದೆಗೆ ಕೆಟ್ಟದ್ದು. ಬಕಲ್ ಬಿಗಿಯಾಗಿದ್ದರೆ ಬಿಸಿನೀರಿನಲ್ಲಿಟ್ಟು ನಾಲ್ಕು ಸಲ ಹಾಕಿ ತೆಗೆಯಿರಿ, ಒಳಗಿನ ಅನ್ನದಗುಳು ಹೊರಗೆ ಬೀಳುತ್ತದೆ. ಅದಕ್ಕೆ ಎಣ್ಣೆ ಬಿಟ್ಟರೆ ಧೂಳು ಮೆತ್ತಿಕೊಂಡು ಇನ್ನೂ ಬಿಗಿಯಾಗುತ್ತದೆ.

ಬೋರ್ ನೀರಿನಲ್ಲಿ ತೊಳೆದರೆ ಬಿಳಿ ಕಲೆ ನಿಲ್ಲುತ್ತದೆ. ನಿಂಬೆ ಹೋಳಿನಿಂದ ಒರೆಸಿ ಇನ್ನೊಮ್ಮೆ ನೀರು ಹಾಕಿ. ಚಕ್ರಕ್ಕೆ ಸುತ್ತಿದ ಕೂದಲನ್ನು ಕತ್ತರಿಯಿಂದ ಕತ್ತರಿಸಿ ತೆಗೆದರೆ ಆಯಿತು.

ಸೀಟಿನ ದಿಂಬು ಮಾತ್ರ ಮೋಸ ಮಾಡುತ್ತದೆ. ಮೇಲೆ ಒಣಗಿರುತ್ತದೆ, ಒಳಗೆ ಸ್ಪಂಜು ಹಸಿ. ಎರಡು ದಿನಕ್ಕೆ ಮುಗ್ಗಲು ವಾಸನೆ. ಅಂಗೈಯಿಂದ ಗಟ್ಟಿಯಾಗಿ ಒತ್ತಿ ನೋಡಿ, ತಂಪು ಅನಿಸಿದರೆ ಇನ್ನೊಂದು ರಾತ್ರಿ ಫ್ಯಾನ್ ಕೆಳಗೆ ನಿಲ್ಲಿಸಿ. ಅಷ್ಟರ ತನಕ ಕೂಸಿಗೆ ನಿಮ್ಮ ತೊಡೆ ಇದ್ದೇ ಇದೆ. ಎಲ್ಲ ಜೋಡಿಸಿದ ಮೇಲೆ ಕೂಸನ್ನು ಕೂರಿಸುವ ಮೊದಲು ಬೆಲ್ಟ್ ಹಾಕಿ ಒಮ್ಮೆ ಜೋರಾಗಿ ಎಳೆದು ನೋಡಿ.