ಕಟ್ಟಡ ಕೆಲಸದಲ್ಲಿ ಗಾಯವಾದರೆ ಪರಿಹಾರ ಪಡೆಯುವುದು ಹೇಗೆ?

ಸಾರ್ವೆಯಿಂದ ಬಿದ್ದ ಗಾರೆ ಕೆಲಸಗಾರನ ಪರಿಹಾರದ ಅರ್ಜಿ ಗೆಲ್ಲುವುದೂ ಸೋಲುವುದೂ ಬಹುಪಾಲು ಆಸ್ಪತ್ರೆಯ ಚೀಟಿ ಮಾಡಿಸುವ ಕಿಟಕಿಯಲ್ಲೇ. ‘ಏನಾಯ್ತು?’ ಎಂದು ಕೇಳಿದಾಗ ಜೊತೆಗೆ ಬಂದ ಮೇಸ್ತ್ರಿ ‘ಮನೆ ಹತ್ತಿರ ಕಾಲು ಜಾರಿ ಬಿದ್ದ’ ಎಂದು ಬರೆಸಿಬಿಟ್ಟರೆ, ಮುಂದೆ ಎಂಥ ವಕೀಲರಿದ್ದರೂ ಆ ಒಂದು ಸಾಲಿನ ಜೊತೆ ಗುದ್ದಾಡಬೇಕು. ಆದ್ದರಿಂದ ಮೊದಲ ಕೆಲಸ ಇದು: ಯಾವ ಕಟ್ಟಡ, ಎಷ್ಟನೇ ಮಹಡಿ, ಎಷ್ಟು ಗಂಟೆ, ಏನು ಮಾಡುತ್ತಿದ್ದಾಗ ಬಿದ್ದದ್ದು ಎಂಬುದನ್ನು ವೈದ್ಯರ ದಾಖಲೆಯಲ್ಲಿ ಬರೆಸಿ, ಎಂಎಲ್‌ಸಿ (ಪೊಲೀಸರಿಗೂ ಮಾಹಿತಿ ಹೋಗುವ ವೈದ್ಯಕೀಯ-ಕಾನೂನು ಪ್ರಕರಣದ ದಾಖಲೆ) ಮಾಡಿಸಿ. ಖಾಸಗಿ ನರ್ಸಿಂಗ್ ಹೋಮ್‌ಗೆ ಸೇರಿಸಿದರೂ ಇದನ್ನು ಬಿಡಬೇಡಿ. ಆಸ್ಪತ್ರೆಯ ಬಿಲ್ ಕಟ್ಟುತ್ತೇನೆಂದು ಮಾಲೀಕರು ಮುಂದೆ ಬಂದರೆ ಕಟ್ಟಲಿ, ಚಿಕಿತ್ಸೆಯ ವಾಸ್ತವ ಖರ್ಚು ಭರಿಸುವುದು ಹೇಗೂ ಅವರದೇ ಹೊಣೆ. ಖಾಲಿ ಹಾಳೆಗೆ ಹೆಬ್ಬೆಟ್ಟು ಮಾತ್ರ ಒತ್ತಬೇಡಿ. ‘ಇನ್ನು ಏನೂ ಕೇಳುವುದಿಲ್ಲ’ ಎಂದು ಬರೆದುಕೊಟ್ಟರೂ ಕಾನೂನಿನ ಹಕ್ಕನ್ನು ಬಿಟ್ಟುಕೊಡುವ ಅಂಥ ಕರಾರು ಊರ್ಜಿತವಲ್ಲ. ಆದರೂ ಅದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ತಿಂಗಳುಗಳು ಹೋಗುತ್ತವೆ.

ಎರಡನೆಯದು ಪೊಲೀಸ್ ಠಾಣೆ. ಆಸ್ಪತ್ರೆಯಿಂದ ಎಂಎಲ್‌ಸಿ ಮಾಹಿತಿ ಹೋಗಿರುತ್ತದೆಂದು ಸುಮ್ಮನಿರಬೇಡಿ. ದೂರು ಕೊಟ್ಟು ಎಫ್ಐಆರ್ ಪ್ರತಿ ಇಟ್ಟುಕೊಳ್ಳಿ, ಗಾಯದ ಪ್ರಮಾಣಪತ್ರ ಆಮೇಲೆ ಬೇಕಾಗುತ್ತದೆ.

ಮೂರನೆಯದು, ‘ಇವನು ನಮ್ಮ ಆಳೇ ಅಲ್ಲ’ ಎಂಬ ಮಾತಿಗೆ ಉತ್ತರ ಸಿದ್ಧ ಮಾಡಿಕೊಳ್ಳುವುದು. ಕಟ್ಟಡ ಕೆಲಸದಲ್ಲಿ ನೇಮಕಾತಿ ಪತ್ರ ಯಾರಿಗೂ ಇರುವುದಿಲ್ಲ. ಇರುವುದು ಮೇಸ್ತ್ರಿಯ ನೋಟ್‌ಬುಕ್ಕಿನ ಹಾಜರಿ, ವಾರದ ಬಟವಾಡೆ ಫೋನ್‌ಪೇಯಲ್ಲಿ ಬಂದ ಗುರುತು, ವಾಟ್ಸ್‌ಆ್ಯಪ್‌ನ ಧ್ವನಿ ಸಂದೇಶ, ಸೈಟಿನ ಗೇಟ್ ಪಾಸ್, ಅಲ್ಲೇ ತೆಗೆದ ಫೋಟೊ. ಜೊತೆಗೆ ದುಡಿದ ಇಬ್ಬರ ಹೆಸರು, ಊರು, ಫೋನ್ ನಂಬರ್ ಅದೇ ವಾರ ಬರೆದಿಟ್ಟುಕೊಳ್ಳಿ. ಆ ಸೈಟಿನ ಮೋಲ್ಡ್ ಮುಗಿದ ಮರುದಿನವೇ ತಂಡ ಬೇರೆ ಊರಿಗೆ ಹೊರಟುಹೋಗಿರುತ್ತದೆ.

ಇಷ್ಟಾದ ಮೇಲೆ ಕಾನೂನು. 1923ರ ನೌಕರರ ಪರಿಹಾರ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ, 2020 ಬಂದಿದೆ. ಪರಿಹಾರದ ಲೆಕ್ಕದ ಸೂತ್ರ, ವಯಸ್ಸಿಗೆ ತಕ್ಕಂತೆ ಗುಣಿಸುವ ಸಂಖ್ಯೆಗಳು (ಗುಣಾಂಕಗಳು) ಹಳೆಯವೇ. ಇಲ್ಲಿ ಮಾಲೀಕರ ತಪ್ಪನ್ನು ಸಾಬೀತು ಮಾಡಬೇಕಾಗಿಲ್ಲ. ಕೆಲಸದ ಕಾರಣದಿಂದ, ಕೆಲಸದ ವೇಳೆಯಲ್ಲಿ ಗಾಯವಾಯಿತೆಂದು ತೋರಿಸಿದರೆ ಸಾಕು. ಕುಡಿದಿದ್ದ, ಸುರಕ್ಷತೆಯ ಆದೇಶವನ್ನು ಬೇಕೆಂದೇ ಮೀರಿದ್ದ ಎಂಬ ತಕರಾರು ಸಾವಿಗೂ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೂ ನಡೆಯುವುದಿಲ್ಲ. ಹೆಲ್ಮೆಟ್ ಕೊಡದೇ ಇದ್ದವರು ‘ಹೆಲ್ಮೆಟ್ ಹಾಕಿರಲಿಲ್ಲ’ ಎನ್ನುವುದಂತೂ ವಾದವೇ ಅಲ್ಲ.

ಯಾರ ಮೇಲೆ ಅರ್ಜಿ ಹಾಕಬೇಕು? ತಪ್ಪಾಗುವುದು ಇಲ್ಲೇ ಹೆಚ್ಚು. ಕಟ್ಟಡ ಕಟ್ಟಿ ಮಾರುವ ಬಿಲ್ಡರ್ ಕೆಲಸವನ್ನು ಗುತ್ತಿಗೆದಾರನಿಗೆ, ಅವನು ಮತ್ತೆ ಮೇಸ್ತ್ರಿಗೆ ಒಪ್ಪಿಸಿದ್ದರೂ ಬಿಲ್ಡರ್ ಹೊಣೆ ತಪ್ಪುವುದಿಲ್ಲ. ಅವರು ಮೊದಲು ಕೊಟ್ಟು, ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕು. ಆದರೆ ತಾನು ವಾಸಿಸಲು ಮನೆ ಕಟ್ಟಿಸುವವರ ಕಥೆ ಬೇರೆ. ಕಟ್ಟಿಸುವುದು ಅವರ ವ್ಯಾಪಾರವಲ್ಲವಾದ್ದರಿಂದ ಕೆಲಸವನ್ನು ಗುತ್ತಿಗೆಗೆ ಕೊಟ್ಟಿದ್ದರೆ ಹೊಣೆ ಸಾಮಾನ್ಯವಾಗಿ ಗುತ್ತಿಗೆದಾರನ ಮೇಲೇ ನಿಲ್ಲುತ್ತದೆ. ಗುತ್ತಿಗೆದಾರ, ಮೂಲ ಮಾಲೀಕ, ವಿಮೆ ಇದ್ದರೆ ವಿಮಾ ಕಂಪನಿ, ಮೂವರನ್ನೂ ಪ್ರತಿವಾದಿ ಮಾಡಿ. ಪಾಲಿಸಿಯ ಪ್ರತಿ ಕೇಳಿ ಪಡೆಯಿರಿ.

ಇನ್ನೊಂದು ಮಾತು. ಸಂಬಳದಲ್ಲಿ ಇಎಸ್ಐ (ನೌಕರರ ರಾಜ್ಯ ವಿಮೆ) ಕಡಿತವಾಗುತ್ತಿದ್ದರೆ ಈ ದಾರಿ ನಿಮ್ಮದಲ್ಲ, ಇಎಸ್ಐ ಶಾಖಾ ಕಚೇರಿಗೇ ಹೋಗಬೇಕು. ಎರಡೂ ಕಡೆ ಪಡೆಯಲಾಗದು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಇದ್ದವರಿಗೆ ಮಂಡಳಿಯ ಅಪಘಾತ ನೆರವು ಬೇರೆಯೇ ಯೋಜನೆ, ಅದಕ್ಕೆ ಪ್ರತ್ಯೇಕ ಅರ್ಜಿ ಹಾಕಿ.

ಈಗ ಹಣದ ಲೆಕ್ಕ. ಬೇಕಾದವು ಮೂರು: ತಿಂಗಳ ಕೂಲಿ, ವಯಸ್ಸಿನ ಗುಣಾಂಕ, ದುಡಿಮೆಯ ಶಕ್ತಿ ಎಷ್ಟು ಕುಂದಿತು ಎಂಬ ಶೇಕಡಾವಾರು. ಕೂಲಿ ಎಷ್ಟೇ ಇರಲಿ, 2020ರ ಜನವರಿ 3ರ ಅಧಿಸೂಚನೆಯಂತೆ ಲೆಕ್ಕಕ್ಕೆ ಹಿಡಿಯುವುದು ತಿಂಗಳಿಗೆ ಗರಿಷ್ಠ 15,000 ರೂಪಾಯಿ. ದಿನಕ್ಕೆ 700ರಂತೆ 26 ದಿನ ದುಡಿದು 18,200 ಗಳಿಸುವವರಿಗೂ 15,000ವೇ. ಗುಣಾಂಕ 25ನೇ ವಯಸ್ಸಿಗೆ 216.91, 30ಕ್ಕೆ 207.98, 40ಕ್ಕೆ 184.17. ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ ಕೂಲಿಯ ಶೇ 60ನ್ನು ಗುಣಾಂಕದಿಂದ ಗುಣಿಸಬೇಕು. 30 ವರ್ಷದವರಿಗೆ 9,000 × 207.98, ಅಂದರೆ 18,71,820 ರೂಪಾಯಿ. ಸಾವಾದರೆ ಶೇ 60ರ ಬದಲು ಶೇ 50, ಅಂದರೆ 15,59,850 ರೂಪಾಯಿ. ದುಡಿಮೆ ಶೇ 40ರಷ್ಟು ಕುಂದಿದ್ದರೆ ಮೊದಲ ಮೊತ್ತದ ಶೇ 40, ಅಂದರೆ 7,48,728 ರೂಪಾಯಿ. ವಯಸ್ಸಿಗೆ ಆಧಾರ್ ಒಂದನ್ನೇ ನೆಚ್ಚಬೇಡಿ. ಅದರಲ್ಲಿ ಹುಟ್ಟಿದ ವರ್ಷ ಅಂದಾಜಿನದ್ದಾಗಿದ್ದರೆ ಶಾಲೆಯ ವರ್ಗಾವಣೆ ಪತ್ರವನ್ನೂ ಲಗತ್ತಿಸಿ.

ಈ ಶೇಕಡಾವಾರನ್ನು ಹೇಳುವವರು ಯಾರು? ಕೆಲವು ಗಾಯಗಳಿಗೆ ಕಾನೂನಿನ ಪಟ್ಟಿಯಲ್ಲೇ ಪ್ರಮಾಣವಿದೆ: ಹೆಬ್ಬೆರಳು ಹೋದರೆ ಶೇ 30, ಇನ್ನೊಂದು ಕಣ್ಣು ಸರಿಯಿದ್ದು ಒಂದು ಕಣ್ಣು ಹೋದರೆ ಶೇ 40. ಬೆನ್ನುಮೂಳೆ, ಸೊಂಟದಂಥ ಪಟ್ಟಿಯಲ್ಲಿಲ್ಲದ ಗಾಯಗಳಿಗೆ ವೈದ್ಯರ ಪ್ರಮಾಣಪತ್ರ ಬೇಕು. ವೈದ್ಯರು ‘ಬಲಗಾಲಿಗೆ ಶೇ 35’ ಎಂದಷ್ಟೇ ಬರೆದರೆ ಅದು ಕಾಲಿನ ಊನದ ಪ್ರಮಾಣ. ನಿಮಗೆ ಬೇಕಿರುವುದು ದುಡಿಮೆಯ ಶಕ್ತಿ ಕುಂದಿದ ಪ್ರಮಾಣ. ‘ಏಣಿ ಹತ್ತಲಾರ, ಭಾರ ಹೊರಲಾರ, ಕುಕ್ಕರಗಾಲಲ್ಲಿ ಕೂತು ಟೈಲ್ಸ್ ಹಾಕಲಾರ’ ಎಂದು ಕೆಲಸದ ಭಾಷೆಯಲ್ಲೇ ಬರೆಸಿ. ಎಡಗೈ ಕಳೆದುಕೊಂಡ ಬಡಗಿಯೊಬ್ಬನ ಪ್ರಕರಣದಲ್ಲಿ, ಒಂದೇ ಕೈಯಲ್ಲಿ ಬಡಗಿ ಕೆಲಸ ಮಾಡಲಾಗದಾದ್ದರಿಂದ ಅದು ಪೂರ್ಣ ಅಂಗವೈಕಲ್ಯವೇ ಎಂದು ಸುಪ್ರೀಂ ಕೋರ್ಟ್ 1975ರಲ್ಲಿ ಹೇಳಿದೆ. ಪ್ರಮಾಣಪತ್ರ ಕೊಟ್ಟ ವೈದ್ಯರು ಸಾಕ್ಷಿ ಹೇಳಲು ಬರಬೇಕು ಎಂಬುದನ್ನೂ ಮೊದಲೇ ಮಾತಾಡಿಕೊಳ್ಳಿ.

ಮೂಳೆ ಮುರಿದು ಕೆಲ ತಿಂಗಳಲ್ಲಿ ವಾಸಿಯಾಗುವ ಗಾಯಕ್ಕೆ ಹದಿನೈದು ದಿನಕ್ಕೊಮ್ಮೆ ತಿಂಗಳ ಕೂಲಿಯ ಶೇ 25 ಸಿಗಬೇಕು. ಮೂರು ದಿನಕ್ಕಿಂತ ಹೆಚ್ಚು ಕಾಲ ಕೆಲಸ ತಪ್ಪಿಸದ ಗಾಯಕ್ಕೆ ಇದಿಲ್ಲ.

ಅರ್ಜಿಗೆ ಮೊದಲು ಗುತ್ತಿಗೆದಾರನಿಗೂ ಬಿಲ್ಡರ್‌ಗೂ ಅಪಘಾತದ ವಿವರವಿರುವ ನೋಟಿಸನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅರ್ಜಿ ಎರಡು ವರ್ಷದೊಳಗೆ ಬೀಳಬೇಕು, ತಡವಾದರೆ ತಕ್ಕ ಕಾರಣ ಕೊಡಬೇಕು. ಅರ್ಜಿ ಹಾಕುವುದು ಪರಿಹಾರ ಆಯುಕ್ತರ ಮುಂದೆ, ಅವರನ್ನು ಹೊಸ ಸಂಹಿತೆ ಸಕ್ಷಮ ಪ್ರಾಧಿಕಾರ ಎಂದು ಕರೆಯುತ್ತದೆ. ಅಪಘಾತ ಬೆಂಗಳೂರಿನಲ್ಲಾಗಿದ್ದರೂ ರಾಯಚೂರಿನವರು ತಮ್ಮ ವಾಸಸ್ಥಳದ ವ್ಯಾಪ್ತಿಯಲ್ಲೇ ಅರ್ಜಿ ಹಾಕಬಹುದು. ವಾಯಿದೆಗೊಮ್ಮೆ ಬಸ್ ಹತ್ತಲಾಗದೆ ಅರ್ಜಿ ಕೈಬಿಡುವವರಿಗೆ ಈ ಅನುಕೂಲ ಗೊತ್ತೇ ಇರುವುದಿಲ್ಲ. ವಕೀಲರ ಶುಲ್ಕ ಕೊಡಲಾಗದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಕೇಳಬಹುದು, ಸಹಾಯವಾಣಿ 15100.

ಪರಿಹಾರ ಸಲ್ಲಬೇಕಾದ ದಿನದಿಂದ ಒಂದು ತಿಂಗಳೊಳಗೆ ಕೊಡದಿದ್ದರೆ ಶೇ 12ರ ಬಡ್ಡಿ ಸೇರುತ್ತದೆ. ತಡಕ್ಕೆ ಸಮರ್ಥನೆ ಇಲ್ಲದಿದ್ದರೆ ಮೊತ್ತದ ಶೇ 50ರವರೆಗೆ ದಂಡವನ್ನೂ ಹಾಕಬಹುದು. ದಂಡ ವಿಮಾ ಕಂಪನಿಯದ್ದಲ್ಲ, ಮಾಲೀಕರ ಜೇಬಿನದ್ದು. ಅರ್ಜಿಯಲ್ಲಿ ಎರಡನ್ನೂ ಸ್ಪಷ್ಟವಾಗಿ ಕೇಳಿ. ಸಾವಿನ ಪ್ರಕರಣದಲ್ಲಿ ಪರಿಹಾರದ ಹಣವನ್ನು ಮಾಲೀಕರು ಸಕ್ಷಮ ಪ್ರಾಧಿಕಾರದಲ್ಲೇ ಠೇವಣಿ ಇಡಬೇಕು. ತಿಥಿಯ ದಿನ ಮನೆಗೆ ಬಂದು ಕೈಗಿಟ್ಟ ಲಕ್ಷ ರೂಪಾಯಿಯಿಂದ ಅವರ ಹೊಣೆ ತೀರುವುದಿಲ್ಲ. ಆದೇಶ ಒಪ್ಪದ ಮಾಲೀಕರು ಹೈಕೋರ್ಟಿಗೆ ಹೋಗಬಹುದು, ಆದರೆ ಆದೇಶವಾದ ಮೊತ್ತವನ್ನು ಮೊದಲು ಠೇವಣಿ ಇಟ್ಟೇ ಹೋಗಬೇಕು.