ಕಾಸ್ಮೆಟಿಕ್ ಸರ್ಜರಿಯ ನೋವನ್ನು ಒಪಿಯಾಯ್ಡ್ ಇಲ್ಲದೆ ನಿಭಾಯಿಸಿದ ನನ್ನ ಅನುಭವ

ನಾನು ಅರಿವಳಿಕೆ ತಜ್ಞೆ. ನನ್ನ ಕೆಲಸದ ಬಹುಪಾಲು ಕಾಸ್ಮೆಟಿಕ್ ಸರ್ಜರಿಗಳ ಜೊತೆಗೇ: ಹೊಟ್ಟೆ ಬಿಗಿ ಮಾಡುವುದು, ಲೈಪೊಸಕ್ಷನ್, ಸ್ತನ, ಮೂಗು, ರೆಪ್ಪೆ, ಮುಖ. ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಆರೋಗ್ಯವಾಗಿರುವವರು, ತಾವಾಗಿ ಇಷ್ಟಪಟ್ಟು ಬಂದವರು. ಅಂಥವರು ಮನೆಗೆ ಹೋಗುವಾಗ ವಾಂತಿ, ಮಂಪರು, ಮಲಬದ್ಧತೆಯ ಜೊತೆಗೆ ಒಂದು ಮಾತ್ರೆಯ ಚಟವನ್ನೂ ಕಟ್ಟಿಕೊಂಡು ಹೋಗಬಾರದು ಎಂಬುದು ನನ್ನ ಹಠ. ಅಮೆರಿಕದಲ್ಲಿ 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರ ಪ್ರಕಾರ, ಸರ್ಜರಿಗೆ ಮುಂಚೆ ಒಪಿಯಾಯ್ಡ್ (ಮಾರ್ಫಿನ್‌ನಂಥ, ಅಫೀಮಿನ ಬಳಗದ ನೋವಿನ ಔಷಧ) ತೆಗೆದುಕೊಳ್ಳದಿದ್ದವರಲ್ಲಿ ಸುಮಾರು 6% ಜನ ಸರ್ಜರಿಯಾಗಿ ಮೂರು ತಿಂಗಳು ಕಳೆದ ಮೇಲೂ ಅದನ್ನು ಬಿಟ್ಟಿರಲಿಲ್ಲ. ಸರ್ಜರಿ ಚಿಕ್ಕದೋ ದೊಡ್ಡದೋ ಎಂಬುದರಿಂದ ಈ ಪ್ರಮಾಣ ಹೆಚ್ಚೇನೂ ಬದಲಾಗಲಿಲ್ಲ.

ಚಟದ ಮಾತು ಹಾಗಿರಲಿ, ನಮ್ಮ ಕ್ಷೇತ್ರದಲ್ಲಿ ಒಪಿಯಾಯ್ಡ್ ಮೊದಲ ದಿನವೇ ತೊಂದರೆ ಕೊಡಬಲ್ಲದು. ಫೇಸ್‌ಲಿಫ್ಟ್ ಆದವರು ಒಮ್ಮೆ ಜೋರಾಗಿ ವಾಂತಿ ಮಾಡಿಕೊಂಡರೆ ರಕ್ತದೊತ್ತಡ ಏರಿ ಚರ್ಮದ ಕೆಳಗೆ ರಕ್ತ ತುಂಬಿಕೊಳ್ಳಬಹುದು. ಹೊಟ್ಟೆಯ ಸ್ನಾಯುಗಳನ್ನು ಹೊಲಿಗೆ ಹಾಕಿ ಬಿಗಿದವರು ಮಲಬದ್ಧತೆಯಿಂದ ತಿಣುಕಿದರೆ ಆ ಒತ್ತಡವೆಲ್ಲ ಬೀಳುವುದು ಅದೇ ಹೊಲಿಗೆಯ ಮೇಲೆ. ಟ್ರಮಡಾಲ್ ಅನ್ನು ಎಷ್ಟೋ ಮಂದಿ ‘ಸಾಧಾರಣ ನೋವಿನ ಮಾತ್ರೆ’ ಅಂದುಕೊಂಡಿದ್ದಾರೆ. ಅದೂ ಒಪಿಯಾಯ್ಡ್ ಬಳಗದ್ದೇ. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರಿಗೆ, ಫಿಟ್ಸ್ ಇರುವವರಿಗೆ ಅದು ಅಪಾಯಕಾರಿ. ಹಾಗಾಗಿ ಹಳೆಯ ಚೀಟಿಗಳನ್ನೆಲ್ಲ ನಾನೇ ಕೂತು ನೋಡುತ್ತೇನೆ.

ನನ್ನ ಚಿಕಿತ್ಸೆ ಶುರುವಾಗುವುದು ಸರ್ಜರಿಗೆ ಮುಂಚಿನ ಭೇಟಿಯಲ್ಲಿ, ಮಾತಿನಿಂದ. ‘ನೋವೇ ಆಗುವುದಿಲ್ಲ’ ಎಂದು ಯಾರಿಗೂ ಹೇಳುವುದಿಲ್ಲ. ಎಂಥ ನೋವು, ಎಲ್ಲಿ, ಯಾವಾಗ ಹೆಚ್ಚು, ಯಾವಾಗ ಇಳಿಯುತ್ತದೆ ಎಂದು ಹೇಳುತ್ತೇನೆ. ಸ್ನಾಯುವಿನ ಕೆಳಗೆ ಇಂಪ್ಲಾಂಟ್ ಇಟ್ಟರೆ ಎದೆಯನ್ನು ಪಟ್ಟಿ ಕಟ್ಟಿ ಎಳೆದಂಥ ಬಿಗಿತ. ಕೈ ಎತ್ತಿದರೆ, ದೀರ್ಘ ಉಸಿರೆಳೆದರೆ ಗೊತ್ತಾಗುತ್ತದೆ. ಲೈಪೊಸಕ್ಷನ್ ಆದರೆ ಮೈಯೆಲ್ಲ ಜಜ್ಜಿಹೋದ ಹಾಗಿನ ನೋವು, ಮುಟ್ಟಿದರೆ ಹೆಚ್ಚು. ಮೂಗಿನ ಸರ್ಜರಿಯಲ್ಲಿ ನೋವಿಗಿಂತ ಮೂಗು ಕಟ್ಟಿ ಬಾಯಲ್ಲಿ ಉಸಿರಾಡುವುದೇ ಹೆಚ್ಚು ಕಷ್ಟ. ರೆಪ್ಪೆಯದರಲ್ಲಿ ನೋವು ತೀರಾ ಕಡಿಮೆ. ಇದನ್ನು ಮೊದಲೇ ಕೇಳಿಸಿಕೊಂಡವರು ಮಧ್ಯರಾತ್ರಿ ಬಿಗಿತ ಬಂದಾಗ ‘ಏನೋ ಎಡವಟ್ಟಾಗಿದೆ’ ಎಂದು ಗಾಬರಿಬೀಳುವುದಿಲ್ಲ. ಗಾಬರಿಯಾದರೆ ನೋವು ಇಮ್ಮಡಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಔಷಧದ ವಿಷಯದಲ್ಲಿ ನಾನು ನಂಬಿರುವುದು ಹಲವು ದಾರಿಗಳಲ್ಲಿ ಸ್ವಲ್ಪಸ್ವಲ್ಪವಾಗಿ ನೋವನ್ನು ತಡೆಯುವ ಕ್ರಮವನ್ನು. ಡೆನ್ಮಾರ್ಕ್‌ನ ಸರ್ಜನ್ ಹೆನ್ರಿಕ್ ಕೆಹ್ಲೆಟ್ 1993ರಲ್ಲೇ ಇದರ ಬಗ್ಗೆ ಸ್ಪಷ್ಟವಾಗಿ ಬರೆದರು. ಚರ್ಮ ಕೊಯ್ದ ಜಾಗದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಹುಟ್ಟಿ ನರಗಳ ತುದಿಗಳನ್ನು ಕೆರಳಿಸುತ್ತದೆ. ಆ ಸುದ್ದಿ ಮತ್ತೆಮತ್ತೆ ತಲುಪುತ್ತಿದ್ದರೆ ಬೆನ್ನುಹುರಿಯೂ ಕೆರಳುತ್ತದೆ, ಆಮೇಲೆ ಸಣ್ಣ ಸ್ಪರ್ಶವೂ ನೋವಾಗುತ್ತದೆ. ಅದಕ್ಕೇ ನಾನು ಪ್ಯಾರಸಿಟಮಾಲ್ ಮತ್ತು ಪ್ರೊಸ್ಟಗ್ಲಾಂಡಿನ್ ತಗ್ಗಿಸುವ ಸೆಲೆಕಾಕ್ಸಿಬ್ ಮಾತ್ರೆಗಳನ್ನು ಸರ್ಜರಿಗೆ ಮುಂಚೆಯೇ ನುಂಗಿಸುತ್ತೇನೆ. ಐಬುಪ್ರೊಫೆನ್ ಬದಲು ಸೆಲೆಕಾಕ್ಸಿಬ್ ಏಕೆಂದರೆ ಅದು ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳ ಕೆಲಸಕ್ಕೆ ಅಡ್ಡಿ ಮಾಡುವುದಿಲ್ಲ. ರಕ್ತಸ್ರಾವದ ಬಗ್ಗೆ ಸರ್ಜನ್‌ಗೆ ಇರುವ ಆತಂಕ ನ್ಯಾಯವಾದದ್ದೇ. ಕಿಡ್ನಿ ತೊಂದರೆ, ಹೃದ್ರೋಗ, ಹೊಟ್ಟೆಯ ಹುಣ್ಣು ಇದ್ದವರಿಗೆ ಸೆಲೆಕಾಕ್ಸಿಬ್ ಕೂಡ ಕೊಡುವುದಿಲ್ಲ. ಅರಿವಳಿಕೆ ಕೊಟ್ಟ ಮೇಲೆ ಡೆಕ್ಸಾಮೆಥಸೋನ್ ಎಂಬ ಸ್ಟೆರಾಯ್ಡ್ ಒಂದು ಡೋಸ್ ಹಾಕುತ್ತೇನೆ. ವಾಂತಿಯೂ ತಗ್ಗುತ್ತದೆ, ನೋವೂ ಸ್ವಲ್ಪ ತಗ್ಗುತ್ತದೆ.

ಫಿಟ್ಸ್‌ಗೆ, ನರದ ನೋವಿಗೆ ಬಳಸುವ ಗ್ಯಾಬಪೆಂಟಿನ್ ಅನ್ನು ಎಲ್ಲರಿಗೂ ಕೊಡುವ ರೂಢಿ ನನಗೆ ಒಪ್ಪಿಗೆಯಿಲ್ಲ. ತಲೆಸುತ್ತು, ಮಂಪರು ತರುತ್ತದೆ. ಉಸಿರಾಟ ನಿಧಾನವಾಗುವ ಅಪಾಯದ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಎಚ್ಚರಿಕೆಯನ್ನೂ ಕೊಟ್ಟಿದೆ. ಅದೇ ದಿನ ಎದ್ದು ಮನೆಗೆ ನಡೆಯಬೇಕಾದವರಿಗೆ ಅದೇಕೆ?

ನಿಜವಾದ ಬಲ ಇರುವುದು ಮರಗಟ್ಟಿಸುವ ಔಷಧದಲ್ಲಿ. ಲೈಪೊಸಕ್ಷನ್‌ಗೆ ಅದು ಸರ್ಜರಿಯಲ್ಲೇ ಅಡಗಿದೆ: ಚರ್ಮರೋಗ ತಜ್ಞ ಜೆಫ್ರಿ ಕ್ಲೈನ್ 1987ರಲ್ಲಿ ಪ್ರಕಟಿಸಿದ ಟ್ಯುಮೆಸೆಂಟ್ ವಿಧಾನದಲ್ಲಿ ಲಿಡೊಕೇನ್ ಮತ್ತು ಅಡ್ರಿನಲಿನ್ ಬೆರೆಸಿದ ತೆಳು ದ್ರಾವಣವನ್ನು ಕೊಬ್ಬಿನೊಳಗೆ ತುಂಬುತ್ತಾರೆ. ಹೊಟ್ಟೆಯ ಸರ್ಜರಿಗೆ ನಾನು ಅಲ್ಟ್ರಾಸೌಂಡ್ ನೋಡುತ್ತ ಟ್ಯಾಪ್ ಬ್ಲಾಕ್ ಹಾಕುತ್ತೇನೆ, ಅಂದರೆ ಹೊಟ್ಟೆಯ ನರಗಳು ಹಾದುಹೋಗುವ ಪದರಕ್ಕೆ ಮರಗಟ್ಟಿಸುವ ಔಷಧದ ಚುಚ್ಚುಮದ್ದು. ಪರದೆಯ ಮೇಲೆ ಪಕ್ಕೆಯ ಮೂರು ಸ್ನಾಯುಗಳು ಒಂದರ ಕೆಳಗೊಂದು ಪದರವಾಗಿ ಕಾಣುತ್ತವೆ. ಸೂಜಿಯ ತುದಿ ಎರಡನೆಯ ಮತ್ತು ಮೂರನೆಯ ಸ್ನಾಯುವಿನ ನಡುವಿನ ಬಿಳಿಗೆರೆಗೆ ಮುಟ್ಟಬೇಕು. ಮರಗಟ್ಟಿಸುವ ಔಷಧ ಬುಪಿವಕೇನ್ ಒಳಗೆ ಹೋಗುತ್ತಿದ್ದಂತೆ ಆ ಗೆರೆ ಸೀಳಿಕೊಂಡು ನಡುವೆ ಕಪ್ಪಗೆ ಅಗಲವಾಗುತ್ತದೆ. ಸ್ನಾಯುವೇ ಉಬ್ಬಿದರೆ ಜಾಗ ತಪ್ಪಿದೆ ಎಂದರ್ಥ, ಸೂಜಿಯನ್ನು ಸರಿಸಬೇಕು. ದೇಹದ ತೂಕಕ್ಕೆ ತಕ್ಕ ಗರಿಷ್ಠ ಡೋಸ್ ಲೆಕ್ಕಹಾಕದೆ ನಾನು ಸಿರಿಂಜ್ ಮುಟ್ಟುವುದಿಲ್ಲ. ಸರ್ಜನ್ ತಾವೂ ಗಾಯಕ್ಕೆ ಮರಗಟ್ಟಿಸುವ ಔಷಧ ಹಾಕುವುದಾದರೆ ಎರಡೂ ಸೇರಿಯೇ ಲೆಕ್ಕ. ಸ್ತನದ ಸರ್ಜರಿಗೆ ಎದೆಯ ಸ್ನಾಯುಗಳ ನಡುವೆ ಹಾಕುವ ಪೆಕ್ಸ್ ಬ್ಲಾಕ್.

ಬ್ಲಾಕ್‌ಗೂ ಒಂದು ಸಮಸ್ಯೆಯಿದೆ. ಅದು ಇಳಿಯುವ ಹೊತ್ತು ಸಾಮಾನ್ಯವಾಗಿ ರಾತ್ರಿ. ಸಂಜೆಯವರೆಗೆ ಹಾಯಾಗಿದ್ದವರು ‘ನೋವಿಲ್ಲವಲ್ಲ, ಮಾತ್ರೆ ಏಕೆ’ ಎಂದು ಸುಮ್ಮನಾಗುತ್ತಾರೆ. ನಡುರಾತ್ರಿ ನೋವು ಒಮ್ಮೆಲೇ ಎದ್ದು ಕೂರುತ್ತದೆ, ಆಗ ನುಂಗಿದ ಮಾತ್ರೆ ಕೆಲಸ ಶುರುಮಾಡಲು ಮುಕ್ಕಾಲು ಗಂಟೆಯಾದರೂ ಬೇಕು. ಹಾಗಾಗಿ ನಾನು ಮಾತ್ರೆಗಳನ್ನು ಗಡಿಯಾರಕ್ಕೆ ಕಟ್ಟುತ್ತೇನೆ, ನೋವಿಗಲ್ಲ. ಪ್ಯಾರಸಿಟಮಾಲ್ 1 ಗ್ರಾಂ ಆರು ಗಂಟೆಗೊಮ್ಮೆ, ದಿನಕ್ಕೆ 4 ಗ್ರಾಂ ಮೀರದಂತೆ. ತೂಕ ಕಡಿಮೆ ಇದ್ದರೆ, ಲಿವರ್ ತೊಂದರೆ ಇದ್ದರೆ ಇನ್ನೂ ಕಡಿಮೆ. ಸೆಲೆಕಾಕ್ಸಿಬ್ ಹನ್ನೆರಡು ಗಂಟೆಗೊಮ್ಮೆ. ಮೊದಲ ರಾತ್ರಿ ಅಲಾರಂ ಇಟ್ಟು ಎದ್ದು ನುಂಗಬೇಕು. ಶೀತದ ಮಾತ್ರೆಗಳಲ್ಲೂ ಪ್ಯಾರಸಿಟಮಾಲ್ ಇರುತ್ತದೆ, ತಿಳಿಯದೆ ಡಬಲ್ ಆಗಬಾರದು. ಈ ವೇಳಾಪಟ್ಟಿಯನ್ನು ರೋಗಿಗಿಂತ ಹೆಚ್ಚಾಗಿ ಅವರನ್ನು ನೋಡಿಕೊಳ್ಳುವವರ ಕೈಗೆ ಕೊಡುತ್ತೇನೆ, ಅವರ ಬಾಯಿಂದ ಒಮ್ಮೆ ಹೇಳಿಸುತ್ತೇನೆ.

ಹಾಸಿಗೆಯಿಂದ ಏಳುವುದನ್ನು ಸರ್ಜರಿಗೆ ಮುಂಚೆಯೇ ಅಭ್ಯಾಸ ಮಾಡಿಸುತ್ತೇನೆ. ಮಂಡಿ ಮಡಿಸಿ, ಭುಜ ಸೊಂಟ ಎರಡನ್ನೂ ಒಟ್ಟಿಗೆ ಹೊರಳಿಸಿ ಪಕ್ಕಕ್ಕೆ ತಿರುಗುವುದು, ಕಾಲು ಕೆಳಗೆ ಬಿಡುವುದು, ಕೈಯೂರಿ ಏಳುವುದು. ಹೊಟ್ಟೆಯ ಸ್ನಾಯುವಿಗೆ ಕೆಲಸವೇ ಬೀಳಬಾರದು. ಮಲಗುವಾಗ ಬೆನ್ನು ಎತ್ತರಿಸಿ, ಮಂಡಿಯ ಕೆಳಗೆ ದಿಂಬು; ಕೆಮ್ಮು ಬಂದರೆ ಹೊಟ್ಟೆಗೆ ದಿಂಬು ಒತ್ತಿ ಹಿಡಿಯುವುದು. ಇಷ್ಟರಿಂದಲೇ ಒಂದು ಮಾತ್ರೆಯಷ್ಟು ನೋವು ಇಳಿಯುತ್ತದೆ ಎಂಬುದು ನನ್ನ ಅನುಭವ. ಐಸ್ ರೆಪ್ಪೆಗೆ ಚೆನ್ನಾಗಿ ಒಗ್ಗುತ್ತದೆ, ಬಟ್ಟೆಯಲ್ಲಿ ಸುತ್ತಿ ಸ್ವಲ್ಪ ಹೊತ್ತು ಮಾತ್ರ. ಹೊಟ್ಟೆಯ ಸರ್ಜರಿ ಆದವರಿಗೆ ಐಸೂ ಬೇಡ, ಬಿಸಿನೀರಿನ ಚೀಲವೂ ಬೇಡ. ಚರ್ಮ ವಾರಗಟ್ಟಲೆ ಮರಗಟ್ಟಿರುತ್ತದೆ, ಸುಟ್ಟರೂ ತಿಳಿಯುವುದಿಲ್ಲ.

‘ಹತ್ತಕ್ಕೆ ಎಷ್ಟು ನೋವು’ ಎಂಬ ಪ್ರಶ್ನೆಯನ್ನು ನಾನು ಅಷ್ಟಾಗಿ ನೆಚ್ಚಿಕೊಂಡಿಲ್ಲ. ಶೌಚಾಲಯಕ್ಕೆ ನಡೆದಿರಾ, ಕೆಮ್ಮಲು ಆಯಿತಾ, ನಿದ್ದೆ ಬಂತಾ ಎಂದು ಕೇಳುತ್ತೇನೆ. ಈ ಮೂರೂ ಆಗುತ್ತಿದ್ದರೆ ನೋವು ಹಿಡಿತದಲ್ಲಿದೆ. ಆದರೆ ಒಂದೇ ಬದಿಯಲ್ಲಿ ನೋವು, ಊತ ಏರುತ್ತಲೇ ಇದ್ದರೆ ಅದು ರಕ್ತ ತುಂಬಿಕೊಳ್ಳುತ್ತಿರುವ ಸೂಚನೆ. ರೆಪ್ಪೆಯ ಸರ್ಜರಿಯಾದ ಮೇಲೆ ಕಣ್ಣಿನ ಹಿಂದೆ ತೀವ್ರ ನೋವು, ದೃಷ್ಟಿ ಮಂಜಾಗುವುದು. ಮೀನಖಂಡದ ನೋವು, ಏದುಸಿರು: ಇವಕ್ಕೆ ಮಾತ್ರೆ ಹುಡುಕುತ್ತ ಕೂರುವಂತಿಲ್ಲ, ತಕ್ಷಣ ಆಸ್ಪತ್ರೆಗೆ ಬರಬೇಕು.

ಇಷ್ಟೆಲ್ಲ ಮಾಡಿಯೂ ನೋವು ಜಗ್ಗದವರು ಇರುತ್ತಾರೆ. ಸೆಲೆಕಾಕ್ಸಿಬ್ ಕೊಡಲಾಗದವರು, ಒಂದೇ ಸಲಕ್ಕೆ ಎರಡು ಮೂರು ಸರ್ಜರಿ ಮಾಡಿಸಿಕೊಂಡವರು. ಅವರನ್ನು ಒದ್ದಾಡಲು ಬಿಡುವುದು ವೈದ್ಯವೇ ಅಲ್ಲ. ಅಂಥವರಿಗೆ ಒಂದೆರಡು ದಿನಕ್ಕೆ ಸಾಲುವಷ್ಟೇ, ಕಡಿಮೆ ಡೋಸಿನ ಒಪಿಯಾಯ್ಡ್ ಬರೆಯುತ್ತೇನೆ. ಉಳಿದೆಲ್ಲ ಮಾತ್ರೆ ತೆಗೆದುಕೊಂಡ ಮೇಲೂ ನೋವಿನಿಂದ ನಿದ್ದೆ ಬಾರದಿದ್ದರೆ ಮಾತ್ರ, ನಿದ್ದೆಮಾತ್ರೆಯ ಜೊತೆಗಂತೂ ಖಂಡಿತ ಬೇಡ ಎಂದು ಚೀಟಿಯ ಮೇಲೆಯೇ ಬರೆಯುತ್ತೇನೆ. ಮಲ ಸಡಿಲಿಸುವ ಔಷಧವನ್ನೂ ಅದೇ ದಿನ ಶುರುಮಾಡಿಸುತ್ತೇನೆ. ಹೊಲಿಗೆ ನೋಡಿಸಿಕೊಳ್ಳಲು ಬರುವಾಗ ಉಳಿದ ಮಾತ್ರೆಗಳನ್ನು ತರಲು ಹೇಳುತ್ತೇನೆ. ಎಷ್ಟೋ ಜನ ಮಾತ್ರೆಯ ಸ್ಟ್ರಿಪ್ ಅನ್ನು ಬಿಚ್ಚದೆ ಹಾಗೆಯೇ ತಂದುಕೊಡುತ್ತಾರೆ.